ನಿತ್ಯದ ಸೈಕಲ್ಲಿಗೆ ಎಷ್ಟು ಅಗಲದ ಟೈರು, ಎಷ್ಟು ಗಾಳಿ?

ಸೈಕಲ್ ಕೊಳ್ಳಲು ಹೋದವರು ಗೇರು ಎಷ್ಟು, ಡಿಸ್ಕ್ ಬ್ರೇಕ್ ಇದೆಯೇ, ಮುಂದೆ ಶಾಕ್ ಅಬ್ಸಾರ್ಬರ್ ಇದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಟೈರು ಎಷ್ಟು ಅಗಲ ಎಂದು ಕೇಳುವವರು ವಿರಳ. ಕೊಂಡ ಮೇಲೆ ಗಾಳಿಯ ಗತಿಯೂ ಇದೇ. ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಇನ್ನೂ ಸ್ವಲ್ಪ ಗಟ್ಟಿಯಾಗಿ ಹೊಡಿ’ ಅಂದರೆ ಮುಗಿಯಿತು. ಆದರೆ ದಿನವೂ ಕಚೇರಿಗೆ, ಕಾಲೇಜಿಗೆ, ಪೇಟೆಗೆ ಸೈಕಲ್ ತುಳಿಯುವವರ ಸೊಂಟ ಮತ್ತು ಮಣಿಕಟ್ಟಿನ ನೋವು, ಬ್ರೇಕ್ ಹಿಡಿದಾಗ ಚಕ್ರ ನಿಲ್ಲುವ ಬಗೆ, ತಿಂಗಳ ಪಂಚರ್ ಖರ್ಚು ಇವೆಲ್ಲ ಗೇರಿಗಿಂತ ಹೆಚ್ಚಾಗಿ ಟೈರಿನ ಅಗಲವನ್ನೂ ಅದರೊಳಗಿನ ಗಾಳಿಯನ್ನೂ ಅವಲಂಬಿಸಿವೆ.

ಆಯ್ಕೆ ಕಷ್ಟದ್ದೇನಲ್ಲ. ಟೈರಿನ ಅಗಲವನ್ನು ನಿಮ್ಮ ದಾರಿ ನೋಡಿ ಆರಿಸಿ, ಅದರಲ್ಲೂ ಆ ದಾರಿಯ ಅತಿ ಕೆಟ್ಟ ಭಾಗ ನೋಡಿ. ಗಾಳಿಯನ್ನು ನಿಮ್ಮ ತೂಕ ನೋಡಿ ತುಂಬಿಸಿ. ಈ ಎರಡನ್ನೂ ಮನೆಯಲ್ಲೇ ಲೆಕ್ಕ ಹಾಕಿ, ಪರೀಕ್ಷಿಸಿ, ತಿದ್ದಿಕೊಳ್ಳುವ ವಿಧಾನ ಇಲ್ಲಿದೆ.

ಗಟ್ಟಿ ಗಾಳಿ ಏಕೆ ವೇಗ ತರುವುದಿಲ್ಲ

ಗಾಳಿ ತುಂಬಿದ ಟೈರು ಬಳಕೆಗೆ ಬಂದದ್ದೇ ಕುಲುಕಾಟ ತಗ್ಗಿಸಲು. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರ ಹೊತ್ತಿಗೆ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಇದನ್ನು ರೂಪಿಸಿದ. ಅಲ್ಲಿಯವರೆಗೆ ಚಾಲ್ತಿಯಲ್ಲಿದ್ದದ್ದು ಒಳಗೆ ಟೊಳ್ಳಿಲ್ಲದ ಗಟ್ಟಿ ರಬ್ಬರಿನ ಟೈರು. ಮರುವರ್ಷ ಅದೇ ಊರಿನ ಪಂದ್ಯಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಗಾಳಿ ಟೈರಿನ ಸೈಕಲ್ ಏರಿ ಗೆದ್ದ. ಆರಾಮಕ್ಕೆಂದು ಮಾಡಿದ ಟೈರು ವೇಗವನ್ನೂ ಕೊಟ್ಟಿತ್ತು. ಕಾರಣ ಸರಳ. ಗಟ್ಟಿ ಟೈರು ದಾರಿಯಲ್ಲಿ ಸಿಕ್ಕ ಪ್ರತಿ ಕಲ್ಲನ್ನೂ ಹತ್ತಿ ಇಳಿಯಬೇಕು. ಪ್ರತಿ ಸಲವೂ ಸೈಕಲ್ಲಿನ ಜೊತೆಗೆ ಸವಾರನ ಮೈಯನ್ನೂ ಮೇಲೆತ್ತಬೇಕು. ಅದಕ್ಕೆ ಬೇಕಾದ ಶಕ್ತಿ ಬರುವುದು ನಿಮ್ಮ ಕಾಲಿನಿಂದ. ಹದವಾದ ಗಾಳಿಯ ಟೈರು ಸಣ್ಣ ಕಲ್ಲನ್ನು ತನ್ನೊಳಗೇ ನುಂಗಿಕೊಂಡು ಮುಂದೆ ಹೋಗುತ್ತದೆ.

ಗಾಳಿ ಹೆಚ್ಚಿದಷ್ಟೂ ಸೈಕಲ್ ಹಗುರವಾಗಿ ಓಡುತ್ತದೆ ಎಂಬ ನಂಬಿಕೆಗೂ ಒಂದು ಆಧಾರವಿದೆ. ಪ್ರಯೋಗಾಲಯದ ನುಣುಪಾದ ಉಕ್ಕಿನ ಉರುಳೆಯ ಮೇಲೆ ಅದು ನಿಜ. ಅಲ್ಲಿ ಗುಂಡಿಯೂ ಇಲ್ಲ, ಅಲುಗಾಡುವ ಸವಾರನೂ ಇಲ್ಲ. ಅಮೆರಿಕದ ‘ಬೈಸಿಕಲ್ ಕ್ವಾರ್ಟರ್ಲಿ’ ಪತ್ರಿಕೆಯ ಯಾನ್ ಹೈನೆ ಮತ್ತವರ ತಂಡ ನಿಜವಾದ ರಸ್ತೆಯಲ್ಲಿ ಸವಾರರನ್ನು ಕೂರಿಸಿ ಪರೀಕ್ಷೆ ನಡೆಸಿದಾಗ, ಒರಟು ನೆಲದಲ್ಲಿ ಮೈ ಕುಲುಕಿ ಪೋಲಾಗುವ ಶಕ್ತಿ ಬಹಳ ದೊಡ್ಡದೆಂದು ಕಂಡುಬಂತು. ಒಂದು ಕಾಲಕ್ಕೆ 23 ಮಿ.ಮೀ. ಟೈರಿನಲ್ಲಿ ಓಡುತ್ತಿದ್ದ ವೃತ್ತಿಪರ ರಸ್ತೆ ಪಂದ್ಯದವರು ಈಗ 28 ಮಿ.ಮೀ. ಮತ್ತು ಅದಕ್ಕೂ ಹೆಚ್ಚಿನ ಅಗಲಕ್ಕೆ ಬಂದಿದ್ದಾರೆ. ನುಣುಪು ರಸ್ತೆಯಲ್ಲಿ ವೇಗವನ್ನೇ ಗುರಿಯಾಗಿಟ್ಟುಕೊಂಡವರೇ ಅಗಲ ಹೆಚ್ಚಿಸಿಕೊಂಡಿರುವಾಗ, ಹಂಪು, ಗುಂಡಿ, ಅಗೆದು ಮುಚ್ಚಿದ ಪೈಪ್‌ಲೈನುಗಳ ಮೇಲೆ ಹೋಗುವ ನಾವು ಸಪೂರ ಟೈರಿನ ಮೋಹ ಇಟ್ಟುಕೊಳ್ಳಬೇಕಿಲ್ಲ.

ಟೈರು ನೆಲಕ್ಕೆ ಅಂಟುವ ಜಾಗದ ಲೆಕ್ಕವನ್ನೂ ನೋಡಿ. ಹಿಂದಿನ ಚಕ್ರದ ಮೇಲೆ 52 ಕಿಲೋ ಭಾರವಿದೆ, ಟೈರಿನಲ್ಲಿ 50 ಪಿಎಸ್‌ಐ ಗಾಳಿಯಿದೆ ಎನ್ನಿ. 50 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಮೂರೂವರೆ ಕಿಲೋ ಒತ್ತಡ. ಆಗ ನೆಲಕ್ಕೆ ತಾಗುವ ಜಾಗ ಸುಮಾರು 15 ಚದರ ಸೆಂ.ಮೀ. ಗಾಳಿಯನ್ನು 70ಕ್ಕೆ ಏರಿಸಿದರೆ ಅದು 11ರ ಆಸುಪಾಸಿಗೆ ಇಳಿಯುತ್ತದೆ. ಒರಟು ರಸ್ತೆಯಲ್ಲಿ, ಬ್ರೇಕ್ ಹಿಡಿದಾಗ, ತಿರುವಿನಲ್ಲಿ ನಿಮ್ಮನ್ನು ನೆಲಕ್ಕೆ ಹಿಡಿದಿಡುವುದು ಇಷ್ಟೇ ಜಾಗ.

ಅಗಲ: ದಾರಿಯನ್ನು ನೋಡಿ

ಒಂದು ದಿನ ನೀವು ಹೋಗಿ ಬರುವ ದಾರಿಯನ್ನು ಗಮನವಿಟ್ಟು ನೋಡಿ. ಹತ್ತು ಕಿಲೋಮೀಟರಿನಲ್ಲಿ ಒಂಬತ್ತು ಚೆನ್ನಾಗಿದ್ದು, ಮನೆ ಹತ್ತಿರದ ಒಂದು ಕಿಲೋಮೀಟರ್ ಜಲ್ಲಿ ಕಿತ್ತುಹೋದ ರಸ್ತೆಯಾಗಿದ್ದರೆ ಆ ಒಂದಕ್ಕೇ ಟೈರು ಆರಿಸಬೇಕು. ಟ್ಯೂಬು ಒಡೆಯುವುದು, ರಿಮ್ಮು ಬೆಂಡಾಗುವುದು, ಸವಾರ ಬೀಳುವುದು ಹೆಚ್ಚಾಗಿ ಅಲ್ಲೇ.

25ರಿಂದ 28 ಮಿ.ಮೀ. ರಸ್ತೆ ಪಂದ್ಯದ ಸೈಕಲ್ಲಿನ ಟೈರು. ಅಭ್ಯಾಸಕ್ಕೆ ಹೆದ್ದಾರಿ ಹಿಡಿಯುವ ವಿಜಯಪುರ, ಬಾಗಲಕೋಟೆಯ ಸೈಕಲ್ ಪಟುಗಳಿಗೆ ಇದು ಸರಿ. ಮಾರುಕಟ್ಟೆ ಬೀದಿಯ ಓಡಾಟಕ್ಕೆ ತರವಲ್ಲ. ಮಳೆನೀರಿನ ಮೋರಿಯ ಜಾಲರಿಯಲ್ಲಿ, ಚಪ್ಪಡಿಗಳ ಸಂದಿನಲ್ಲಿ, ಕಾಂಕ್ರೀಟ್ ರಸ್ತೆಯ ಜೋಡಣೆಯ ಸೀಳಿನಲ್ಲಿ ಸಪೂರ ಟೈರು ಸಿಕ್ಕಿಕೊಳ್ಳುವ ಅಪಾಯ ನಿಜಕ್ಕೂ ಇದೆ.

32ರಿಂದ 35 ಮಿ.ಮೀ. ಒಳ್ಳೆಯ ಡಾಂಬರು ಅಥವಾ ಕಾಂಕ್ರೀಟ್ ರಸ್ತೆಯಲ್ಲೇ ಹೆಚ್ಚು ದೂರ ಹೋಗುವವರಿಗೆ, ಬೆನ್ನಿಗೆ ಹಗುರವಾದ ಚೀಲವಷ್ಟೇ ಇರುವವರಿಗೆ. ಪೇಟೆಯಲ್ಲಿ ಸಿಗುವ ಎಷ್ಟೋ ಹೈಬ್ರಿಡ್ ಸೈಕಲ್ಲುಗಳು ಇದೇ ಅಳತೆಯಲ್ಲಿ ಬರುತ್ತವೆ.

38ರಿಂದ 42 ಮಿ.ಮೀ. ನಮ್ಮ ಊರುಗಳ ನಿತ್ಯದ ಓಡಾಟಕ್ಕೆ ಅತ್ಯಂತ ಸೂಕ್ತವೆಂದು ನಾನು ಧೈರ್ಯವಾಗಿ ಹೇಳುವ ಅಳತೆ ಇದು. ಗುಂಡಿ, ಹಂಪು, ಸ್ವಲ್ಪ ಮಣ್ಣಿನ ದಾರಿ, ಕ್ಯಾರಿಯರಿನ ಮೇಲೆ ಮಧ್ಯಮ ಹೊರೆ ಎಲ್ಲವನ್ನೂ ತಡೆದುಕೊಳ್ಳುತ್ತದೆ. ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ತಲೆಮಾರುಗಳಿಂದ ಓಡುತ್ತಿರುವ ಕಪ್ಪು ಬಣ್ಣದ ದೊಡ್ಡ ಸೈಕಲ್ಲಿನ 28 x 1½ ಟೈರು ಕೂಡ ಹೆಚ್ಚುಕಡಿಮೆ 40 ಮಿ.ಮೀ. ಅಗಲದ್ದೇ. ಆ ಸೈಕಲ್ಲು ನಮ್ಮ ರಸ್ತೆಗೆ ಒಗ್ಗಿದ್ದರ ಹಿಂದೆ ಈ ಅಗಲದ ಪಾಲೂ ಇದೆ.

47ರಿಂದ 55 ಮಿ.ಮೀ. (1.9ರಿಂದ 2.1 ಇಂಚು) ಎಂಟಿಬಿ, ಅಂದರೆ ಮೌಂಟನ್ ಬೈಕ್ ಮಾದರಿಯ ಸೈಕಲ್ಲುಗಳದ್ದು. ಮಲೆನಾಡಿನ ಕೆಂಪು ಮಣ್ಣಿನ ದಾರಿ, ತೋಟದ ಕಾಲುದಾರಿ, ಜಲ್ಲಿ ಹಾಸಿದ ರಸ್ತೆಗಳಿಗೆ ಸರಿಯಾದ ಆಯ್ಕೆ. ಪೇಟೆಯಲ್ಲಿ ಎಂಟಿಬಿ ಓಡಿಸುವವರು ‘ಸೈಕಲ್ ಎಳೆಯುತ್ತದೆ’ ಎಂದು ದೂರಿದರೆ ತಪ್ಪು ಬಹುತೇಕ ಅಗಲದ್ದಲ್ಲ, ಟೈರಿನ ಮೇಲಿನ ದೊಡ್ಡ ದೊಡ್ಡ ಗುಬ್ಬಿಗಳದ್ದು. ಡಾಂಬರಿನ ಮೇಲೆ ಪ್ರತಿ ಗುಬ್ಬಿಯೂ ಬಾಗಿ ನೆಟ್ಟಗಾಗುತ್ತ ಶಕ್ತಿ ತಿನ್ನುತ್ತದೆ. ಅದೇ ಅಗಲದ ನುಣುಪು ಟೈರು ಹಾಕಿಸಿದರೆ ಸೈಕಲ್ಲೇ ಬದಲಾದಂತೆ ಅನಿಸುತ್ತದೆ. ಹೊಸ ಸೈಕಲ್ ಕೊಳ್ಳುವ ಯೋಚನೆಗೆ ಮುಂಚೆ ಇದನ್ನು ಮಾಡಿ ನೋಡಿ.

ಟೈರಿನ ಪಕ್ಕೆಯ ಅಂಕಿ ಓದುವುದು

ಅಂಗಡಿಯಲ್ಲಿ ‘26ರ ಟೈರು ಕೊಡಿ’ ಎಂದರೆ ತಪ್ಪು ಟೈರು ಮನೆಗೆ ಬರುವ ಸಂಭವವಿದೆ. 26 ಇಂಚು ಎಂಬ ಹೆಸರಿನಲ್ಲಿ ಒಂದಕ್ಕೊಂದು ಹೊಂದದ ಹಲವು ಅಳತೆಗಳಿವೆ. ಎಂಟಿಬಿಯ 26 x 1.95 ಟೈರು 559 ಮಿ.ಮೀ. ರಿಮ್ಮಿನದು. ಹೆಣ್ಣುಮಕ್ಕಳ ಸೈಕಲ್ಲುಗಳಲ್ಲಿ ಸಾಮಾನ್ಯವಾದ 26 x 1⅜ ಟೈರು 590 ಮಿ.ಮೀ. ರಿಮ್ಮಿನದು. ನಡುವೆ 31 ಮಿ.ಮೀ. ವ್ಯತ್ಯಾಸ. ಇಂಚನ್ನು ದಶಮಾಂಶದಲ್ಲಿ ಬರೆದ ಟೈರಿನ ಜಾಗಕ್ಕೆ ಭಿನ್ನರಾಶಿಯಲ್ಲಿ ಬರೆದ ಟೈರು ಕೂರುವುದಿಲ್ಲ ಎಂದೇ ತಿಳಿಯಿರಿ.

ಈ ಗೊಂದಲ ತಪ್ಪಿಸಲು ಐಎಸ್‌ಒ 5775 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಟೈರಿನ ಪಕ್ಕೆಯ ಮೇಲೆ 37-622 ಎಂಬಂಥ ಜೋಡಿ ಅಂಕಿ ಹುಡುಕಿ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಎರಡನೆಯ ಅಂಕಿ ಎಂದೂ ಬದಲಾಗಕೂಡದು. ಅಗಲವನ್ನು ಮಾತ್ರ ಮಿತಿಯೊಳಗೆ ಬದಲಿಸಬಹುದು.

ನಮ್ಮಲ್ಲಿ ಕಾಣಸಿಗುವ ಮುಖ್ಯ ಅಳತೆಗಳು ಇವು: ಹಳೆಯ ದೊಡ್ಡ ಸೈಕಲ್ಲಿನ 28 x 1½ ಎಂದರೆ 635. ಹೈಬ್ರಿಡ್ ಮತ್ತು ರೋಡ್ ಸೈಕಲ್ಲಿನ 700ಸಿ ಎಂದರೆ 622. ಎಂಟಿಬಿಯ 29 ಇಂಚು ಕೂಡ ಅದೇ 622. 27.5 ಇಂಚು ಎಂದರೆ 584. ಹೆಸರಿನಲ್ಲಿ 28 ಇಂಚು, 29 ಇಂಚು, 700ಸಿ ಎಲ್ಲ ಬೇರೆಬೇರೆಯಾಗಿ ಕಂಡರೂ ಕೊನೆಗೆ ನೋಡಬೇಕಾದದ್ದು ಈ ಮೂರಂಕಿಯ ಸಂಖ್ಯೆಯನ್ನೇ.

ಅಗಲ ಹೆಚ್ಚಿಸುವ ಮೊದಲು ಎರಡು ಕಡೆ ಅಳೆಯಿರಿ. ಮೊದಲನೆಯದು ಫ್ರೇಮು. ಮುಂದಿನ ಫೋರ್ಕಿನ ಒಳಗೆ, ಹಿಂದೆ ಚೈನಿನ ಬದಿಯ ಕೊಳವೆಗಳ ನಡುವೆ, ಬ್ರೇಕಿನ ಕೆಳಗೆ, ಮಡ್‌ಗಾರ್ಡಿನ ಒಳಗೆ ಹೊಸ ಟೈರಿನ ಎರಡೂ ಬದಿ ಕನಿಷ್ಠ 5–6 ಮಿ.ಮೀ. ಜಾಗ ಉಳಿಯಬೇಕು. ಎರೆಮಣ್ಣಿನ ಸೀಮೆಯಲ್ಲಿ ಇನ್ನೂ ಹೆಚ್ಚು ಬೇಕು. ಮಳೆ ಬಿದ್ದ ದಿನ ಆ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡುತ್ತದೆ. ಎರಡನೆಯದು ರಿಮ್ಮು. ಅದರ ಒಳ ಅಗಲದ ಒಂದೂವರೆಯಿಂದ ಎರಡೂವರೆ ಪಟ್ಟು ಅಗಲದ ಟೈರು ಚೆನ್ನಾಗಿ ಕೂರುತ್ತದೆ. ಒಳ ಅಗಲ 17 ಮಿ.ಮೀ. ಇದ್ದರೆ 28ರಿಂದ 42 ಮಿ.ಮೀ.ವರೆಗಿನ ಟೈರಿಗೆ ತೊಂದರೆಯಿಲ್ಲ. ಅಗಲ ಬಹಳ ಬದಲಾದರೆ ಟ್ಯೂಬನ್ನೂ ಬದಲಿಸಿ. ಟ್ಯೂಬಿನ ಮೇಲೆ ಅದು ಎಷ್ಟರಿಂದ ಎಷ್ಟು ಅಗಲಕ್ಕೆಂದು ಬರೆದಿರುತ್ತದೆ.

ಗಾಳಿ: ತೂಕದ ಲೆಕ್ಕ

ಸೈಕಲ್ ಅಂಗಡಿಯಲ್ಲಿ ಎಲ್ಲರ ಟೈರಿಗೂ ಒಂದೇ ಗಟ್ಟಿತನಕ್ಕೆ ಗಾಳಿ ತುಂಬುವ ರೂಢಿಯಿದೆ. ಎಂಟನೆಯ ತರಗತಿಯ ಹುಡುಗಿಗೂ ನೂರು ಕಿಲೋ ತೂಗುವವರಿಗೂ ಒಂದೇ ಒತ್ತಡ ಸರಿಹೊಂದಲಾರದು. ಟೈರಿನ ಪಕ್ಕೆಯ ಮೇಲೆ ಬರೆದ ಗರಿಷ್ಠ ಒತ್ತಡವೂ ಸಲಹೆಯಲ್ಲ. ಅದನ್ನು ದಾಟಬೇಡಿ ಎಂಬ ಎಚ್ಚರಿಕೆ ಮಾತ್ರ.

ನಿಮ್ಮ ತೂಕ, ಸೈಕಲ್ಲಿನ ತೂಕ, ಚೀಲದ ತೂಕ ಕೂಡಿಸಿ. 65 ಕಿಲೋ ತೂಕದವರು, 16 ಕಿಲೋ ಸೈಕಲ್ಲು, 5 ಕಿಲೋ ಚೀಲ ಎಂದರೆ 86 ಕಿಲೋ. ನೆಟ್ಟಗೆ ಕೂತು ಓಡಿಸುವ ಸೈಕಲ್ಲಿನಲ್ಲಿ ಇದರ ಸುಮಾರು ಶೇ 60 ಹಿಂದಿನ ಚಕ್ರದ ಮೇಲೆ, ಶೇ 40 ಮುಂದಿನದರ ಮೇಲೆ ಬೀಳುತ್ತದೆ. ಹಾಗಾಗಿ ಮುಂದಿನ ಟೈರಿಗೆ ಹಿಂದಿನದಕ್ಕಿಂತ ಸುಮಾರು ಶೇ 20 ಕಡಿಮೆ ಗಾಳಿ ಸಾಕು. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಜಾರುವುದರಿಂದ ಅದಕ್ಕಿಂತ ಹೆಚ್ಚು ಇಳಿಸುವುದು ಬೇಡ.

ಒಟ್ಟು ತೂಕ 85ರಿಂದ 90 ಕಿಲೋ ಇದ್ದರೆ ಆರಂಭಕ್ಕೆ ಇಷ್ಟಿರಲಿ:

28 ಮಿ.ಮೀ. ಟೈರು – ಹಿಂದೆ 80, ಮುಂದೆ 65 ಪಿಎಸ್‌ಐ
32 ಮಿ.ಮೀ. ಟೈರು – ಹಿಂದೆ 65, ಮುಂದೆ 52 ಪಿಎಸ್‌ಐ
38–40 ಮಿ.ಮೀ. ಟೈರು – ಹಿಂದೆ 50, ಮುಂದೆ 40 ಪಿಎಸ್‌ಐ
50 ಮಿ.ಮೀ. ಟೈರು – ಹಿಂದೆ 36, ಮುಂದೆ 28 ಪಿಎಸ್‌ಐ

ಒಟ್ಟು ತೂಕ ಪ್ರತಿ 10 ಕಿಲೋ ಹೆಚ್ಚಿದಾಗ ಒತ್ತಡವನ್ನು ಶೇ 10ರಷ್ಟು ಏರಿಸಿ, ಕಡಿಮೆಯಾದಾಗ ಅಷ್ಟೇ ಇಳಿಸಿ. 40 ಕಿಲೋ ತೂಗುವ ವಿದ್ಯಾರ್ಥಿನಿ, ಅವಳ ಸೈಕಲ್ಲು, ಪುಸ್ತಕದ ಚೀಲ ಸೇರಿ 62 ಕಿಲೋ ಆದರೆ 40 ಮಿ.ಮೀ. ಟೈರಿಗೆ ಹಿಂದೆ 37, ಮುಂದೆ 30 ಸಾಕಾಗುತ್ತದೆ. ದೊಡ್ಡವರಷ್ಟೇ ಗಾಳಿ ತುಂಬಿಸಿಕೊಟ್ಟರೆ ಆ ಮಗು ದಿನವೂ ಕುಲುಕಾಟ ಅನುಭವಿಸುತ್ತದೆ, ಮಣ್ಣು ರಸ್ತೆಯಲ್ಲಿ ಬೇಗ ಜಾರುತ್ತದೆ. ಕ್ಯಾರಿಯರಿನ ಮೇಲೆ 20 ಕಿಲೋ ಮೂಟೆ ಕಟ್ಟಿದರೆ ಆ ಭಾರವೆಲ್ಲ ಹೆಚ್ಚುಕಡಿಮೆ ಹಿಂದಿನ ಚಕ್ರಕ್ಕೇ. ಹಿಂದಿನ ಟೈರಿಗೆ ಮಾತ್ರ ಮೂರನೇ ಒಂದು ಭಾಗದಷ್ಟು ಒತ್ತಡ ಸೇರಿಸಿ. ಲೆಕ್ಕದಲ್ಲಿ ಬಂದ ಒತ್ತಡ ಪಕ್ಕೆಯ ಮಿತಿಯನ್ನು ದಾಟಿದರೆ ನಿಮ್ಮ ಹೊರೆಗೆ ಆ ಟೈರು ಸಪೂರವಾಯಿತು ಎಂದರ್ಥ. ಇನ್ನಷ್ಟು ಅಗಲದ್ದಕ್ಕೆ ಹೋಗಬೇಕು.

ಅಗಲ ಹೆಚ್ಚಿದಂತೆ ಒತ್ತಡ ಇಳಿಯುವುದಕ್ಕೆ ಇನ್ನೊಂದು ಕಾರಣವಿದೆ. ಟೈರಿನ ರಬ್ಬರಿನೊಳಗಿನ ನೂಲಿನ ಬಟ್ಟೆಯ ಮೇಲೆ ಬೀಳುವ ಎಳೆತ, ಒತ್ತಡ ಮತ್ತು ಅಗಲ ಎರಡನ್ನೂ ಗುಣಿಸಿದಷ್ಟು. 50 ಮಿ.ಮೀ. ಟೈರಿಗೆ 60 ಪಿಎಸ್‌ಐ ತುಂಬಿಸಿದರೆ ಅದರ ಬಿಗಿತ 30 ಮಿ.ಮೀ. ಟೈರಿಗೆ 100 ತುಂಬಿಸಿದ ಹಾಗೆ. ಹೆಬ್ಬೆರಳಿನ ಪರೀಕ್ಷೆ ಮೋಸ ಮಾಡುವುದೂ ಇದಕ್ಕೇ. ಬೆರಳಿಗೆ ತಿಳಿಯುವುದು ಈ ಬಿಗಿತ, ಒಳಗಿನ ಒತ್ತಡವಲ್ಲ.

ಮೀಟರಿಲ್ಲದೆ ಅಳೆಯುವ ದಾರಿ

ಅಮೆರಿಕದ ಸೈಕಲ್ ತಂತ್ರಜ್ಞ ಲೇಖಕ ಫ್ರಾಂಕ್ ಬರ್ಟೊ ಬಳಕೆಗೆ ತಂದ ಒಂದು ಅಳತೆಗೋಲು ನಮಗೆ ಬಹಳ ಉಪಯುಕ್ತ. ಸವಾರ ಕೂತಾಗ ಟೈರು ತನ್ನ ಎತ್ತರದ ಶೇ 15ರಷ್ಟು ಕುಗ್ಗಿದರೆ ಗಾಳಿ ಹದವಾಗಿದೆ ಎಂದು. ಮನೆಯಲ್ಲಿ ಹೀಗೆ ಮಾಡಿ. ಸೈಕಲ್ಲನ್ನು ಗೋಡೆಗೆ ಒರಗಿಸಿ, ನೆಲದಿಂದ ರಿಮ್ಮಿನ ಅಂಚಿನವರೆಗಿನ ಎತ್ತರವನ್ನು ಸ್ಕೇಲಿನಲ್ಲಿ ಅಳೆಯಿರಿ. ಬಳಿಕ ಎಂದಿನ ಚೀಲ ಹಾಕಿಕೊಂಡು, ಗೋಡೆಗೆ ಮೊಣಕೈ ಕೊಟ್ಟು ಸೀಟಿನ ಮೇಲೆ ಕುಳಿತುಕೊಳ್ಳಿ. ಮನೆಯವರೊಬ್ಬರು ಮತ್ತೆ ಅಲ್ಲೇ ಅಳೆಯಲಿ. 40 ಮಿ.ಮೀ. ಟೈರಾದರೆ ಸುಮಾರು 6 ಮಿ.ಮೀ. ಇಳಿಯಬೇಕು. 3 ಮಾತ್ರ ಇಳಿದರೆ ಗಾಳಿ ಹೆಚ್ಚಾಗಿದೆ, 9–10 ಇಳಿದರೆ ಕಡಿಮೆಯಾಗಿದೆ. ಎರಡೂ ಚಕ್ರಗಳನ್ನು ಹೀಗೆ ನೋಡಿ.

ಮುಂದಿನದು ರಸ್ತೆಯ ಪರೀಕ್ಷೆ. ನಿಮ್ಮ ಎಂದಿನ ದಾರಿಯಲ್ಲಿ ಹೋಗಿ. ಹ್ಯಾಂಡಲ್ ಝುಮ್ಮೆಂದು ನಡುಗಿದರೆ, ಅಂಗೈ ಮರಗಟ್ಟಿದರೆ, ಒರಟು ರಸ್ತೆಯಲ್ಲಿ ಚಕ್ರ ಕುಪ್ಪಳಿಸಿದರೆ 3–5 ಪಿಎಸ್‌ಐ ಇಳಿಸಿ. ತಿರುವಿನಲ್ಲಿ ಹಿಂಬದಿ ತೂಗಾಡಿದರೆ, ಹ್ಯಾಂಡಲ್ ಭಾರವೆನಿಸಿದರೆ, ಗುಂಡಿಯ ಅಂಚಿಗೆ ರಿಮ್ಮು ಟಕ್ಕೆಂದು ಬಡಿದರೆ 5 ಏರಿಸಿ. ನಿಮ್ಮ ಹದ ಸಿಕ್ಕಿದ ಮೇಲೆ ಆ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಪಂಪಿಗೇ ಅಂಟಿಸಿ.

ಮುಳ್ಳು, ಮಳೆ, ಬಿಸಿಲು

ಪಂಚರಾದಾಗ ಟ್ಯೂಬಿನ ತೂತು ನೋಡಿದರೆ ಕಾರಣ ಗೊತ್ತಾಗುತ್ತದೆ. ಹಾವು ಕಚ್ಚಿದ ಗುರುತಿನ ಹಾಗೆ ಅಕ್ಕಪಕ್ಕ ಎರಡು ಸೀಳಿದ್ದರೆ, ಗುಂಡಿಯ ಅಂಚು ಮತ್ತು ರಿಮ್ಮಿನ ನಡುವೆ ಟ್ಯೂಬು ಜಜ್ಜಿದೆ. ಗಾಳಿ ಕಡಿಮೆಯಿತ್ತು ಅಥವಾ ಟೈರು ಸಪೂರವಾಗಿತ್ತು ಎಂದು ತಿಳಿಯಿರಿ. ಒಂದೇ ಚಿಕ್ಕ ತೂತಿದ್ದರೆ ಮುಳ್ಳು, ಗಾಜು ಇಲ್ಲವೇ ಲಾರಿ ಟೈರಿನಿಂದ ಉದುರಿದ ಸಣ್ಣ ತಂತಿ. ಹೊಸ ಟ್ಯೂಬು ಹಾಕುವ ಮುನ್ನ ಟೈರಿನ ಒಳಗೆ ಬಟ್ಟೆ ಆಡಿಸಿ ಹುಡುಕಿ ತೆಗೆಯದಿದ್ದರೆ ಅದು ಮತ್ತೆ ಚುಚ್ಚುತ್ತದೆ. ಬಳ್ಳಾರಿ ಜಾಲಿ, ನೆಗ್ಗಿಲು ಮುಳ್ಳಿನ ಸೀಮೆಯಲ್ಲಿ ಗಾಳಿ ಏರಿಸಿ ಇಳಿಸಿ ಪ್ರಯೋಜನವಿಲ್ಲ. ಟೈರಿನೊಳಗೆ ಪಂಚರ್ ತಡೆಯುವ ದಪ್ಪ ಪದರವಿರುವಂಥದ್ದನ್ನು ಕೊಳ್ಳಿ. ತೂಕ ಸ್ವಲ್ಪ ಹೆಚ್ಚಿದರೂ ಅಲ್ಲಿಗೆ ಅದೇ ಲಾಭ.

ಮಳೆಗಾಲಕ್ಕೆಂದು ಆಳವಾದ ಗೆರೆಗಳ ಟೈರು ಹುಡುಕಬೇಕಾಗಿಲ್ಲ. ಕಾರಿನ ಅಗಲವಾದ ಟೈರು ವೇಗದಲ್ಲಿ ನೀರಿನ ಮೇಲೆ ತೇಲಬಹುದು. ಸೈಕಲ್ಲಿನ ಟೈರು ಕಿರಿದು, ದುಂಡು, ಅದರ ವೇಗವೂ ಕಡಿಮೆ. ಹಾಗಾಗಿ ನೀರನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ. ಒದ್ದೆ ಡಾಂಬರಿಗೆ ನುಣುಪು ಟೈರೇ ಸಾಕು, ಗಾಳಿಯನ್ನು 3–4 ಪಿಎಸ್‌ಐ ಇಳಿಸಿದರೆ ಹಿಡಿತ ಚೂರು ಹೆಚ್ಚುತ್ತದೆ. ಕೆಸರಿಗೆ ಮಾತ್ರ ಗುಬ್ಬಿ ಬೇಕು. ಒದ್ದೆಯಾದ ಬಿಳಿ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಪಾಚಿಗಟ್ಟಿದ ಕಲ್ಲಿನ ಮೇಲೆ ಯಾವ ಟೈರನ್ನೂ ನಂಬಬೇಡಿ. ಅಲ್ಲಿ ಬ್ರೇಕ್ ಹಿಡಿಯದೆ, ವಾಲದೆ, ನೇರವಾಗಿ ದಾಟಿ.

ಬಿಸಿಲಿಗೆ ಟೈರು ಒಡೆಯುತ್ತದೆ ಎಂಬ ಭಯ ರಾಯಚೂರು, ಕಲಬುರಗಿ ಕಡೆ ಸಹಜ. ಲೆಕ್ಕ ಬೇರೆಯೇ ಹೇಳುತ್ತದೆ. ಬೆಳಗಿನ 25 ಡಿಗ್ರಿಯಲ್ಲಿ 50 ಪಿಎಸ್‌ಐ ಇದ್ದ ಟೈರು 45 ಡಿಗ್ರಿಗೆ ಕಾದಾಗ ಏರುವುದು ಸುಮಾರು 4 ಪಿಎಸ್‌ಐ, ಬಿಸಿಲಿನಲ್ಲಿ ನಿಂತು 60 ಡಿಗ್ರಿ ಮುಟ್ಟಿದರೂ ಸುಮಾರು 8 ಮಾತ್ರ. ಒಳ್ಳೆಯ ಟೈರಿಗೆ ಇದು ಏನೂ ಅಲ್ಲ. ಒಡೆಯುವುದು ಪಕ್ಕೆ ಬಿರುಕು ಬಿಟ್ಟ ಹಳೆಯ ಟೈರು, ರಿಮ್ಮಿನಲ್ಲಿ ಸರಿಯಾಗಿ ಕೂರದ ಟೈರು, ಮೊದಲೇ ಮಿತಿಯ ಅಂಚಿಗೆ ತುಂಬಿಸಿದ ಟೈರು. ಬೇಸಿಗೆಗೆ ಗಾಳಿ ಬಿಡುವುದಕ್ಕಿಂತ ಟೈರಿನ ಪಕ್ಕೆ ನೋಡುವುದು ಮುಖ್ಯ. ನೂಲು ಕಂಡರೆ ಆ ದಿನವೇ ಬದಲಿಸಿ.

ಹಿಂದಿನ ಟೈರು ಬೇಗ ಸವೆಯುತ್ತದೆ. ಒಂದೇ ಟೈರು ಕೊಳ್ಳುವಾಗ ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದೆ ಹಾಕಿಸಿ. ಹಿಂದಿನ ಚಕ್ರ ಜಾರಿದರೆ ಸಂಭಾಳಿಸಬಹುದು, ಮುಂದಿನದು ಜಾರಿದರೆ ಬೀಳುವುದೇ.

ವಾಲ್ವು ಮತ್ತು ಪಂಪು

ಹಳೆಯ ಸೈಕಲ್ಲುಗಳಲ್ಲಿ ಸಣ್ಣ ರಬ್ಬರ್ ಕೊಳವೆಯ ವಾಲ್ ಟ್ಯೂಬ್ ಇರುವ ವಾಲ್ವ್ ಇರುತ್ತದೆ. ಗಾಳಿ ಒಳಗೆ ಹೋಗಲು ಆ ರಬ್ಬರನ್ನು ತಳ್ಳಬೇಕಾದ್ದರಿಂದ ಪಂಪಿನ ಮೀಟರು ತೋರಿಸುವ ಅಂಕಿ ನಿಜವಾದ ಒತ್ತಡಕ್ಕಿಂತ ಹೆಚ್ಚಿರುತ್ತದೆ. ಇಂಥ ಸೈಕಲ್ಲಿಗೆ ಸ್ಕೇಲಿನ ಅಳತೆಯೇ ನಂಬಿಕೆಗೆ ಅರ್ಹ. ರಬ್ಬರು ಅಂಟಂಟಾದರೆ ಅಥವಾ ಸೀಳಿದರೆ ಗಾಳಿ ನಿಲ್ಲದು. ಅಗ್ಗದ ಆ ತುಂಡನ್ನು ಆಗಾಗ ಬದಲಿಸಿ. ಸ್ಕೂಟರಿನಲ್ಲಿರುವಂಥ ದಪ್ಪ ವಾಲ್ವ್ ಇದ್ದರೆ ಮೀಟರ್ ಸರಿಯಾಗಿ ತೋರಿಸುತ್ತದೆ. ತೆಳ್ಳಗೆ ಉದ್ದವಾಗಿರುವ ಪ್ರೆಸ್ಟಾ ವಾಲ್ವಿನ ತುದಿಯ ತಿರುಪನ್ನು ಸಡಿಲಿಸಿ ತುಂಬಿಸಿ, ಮತ್ತೆ ಬಿಗಿಮಾಡಿ.

ಪೆಟ್ರೋಲ್ ಬಂಕಿನ ಗಾಳಿಯಲ್ಲಿ ಎಚ್ಚರವಿರಲಿ. ಆ ಯಂತ್ರ ಕಾರು, ಲಾರಿಗೆಂದು ಇರುವುದು. ಸೈಕಲ್ ಟೈರಿನಲ್ಲಿ ಹಿಡಿಯುವ ಗಾಳಿ ಅತ್ಯಲ್ಪ, ಕೆಲವೇ ಕ್ಷಣದಲ್ಲಿ ಮಿತಿ ಮೀರಿ ಟ್ಯೂಬು ಒಡೆಯಬಹುದು. ಅನಿವಾರ್ಯವಾದರೆ ಚೂರು ಚೂರೇ ಬಿಟ್ಟು ನಡುನಡುವೆ ನೋಡಿ. ಮನೆಯಲ್ಲಿ ಮೀಟರಿರುವ, ಕಾಲಿಟ್ಟು ಹೊಡೆಯುವ ಪಂಪು ಒಂದಿದ್ದರೆ ಈ ಚಿಂತೆಯೇ ಇಲ್ಲ. ದಿನವೂ ಓಡಿಸುವವರು ಸೈಕಲ್ಲಿಗೆಂದು ಮಾಡುವ ಖರ್ಚುಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬೇಕು.

ಟ್ಯೂಬಿನ ರಬ್ಬರಿನ ಮೂಲಕ ಗಾಳಿ ಸದಾ ಸೋರುತ್ತಲೇ ಇರುತ್ತದೆ, ಸಪೂರ ಟೈರಿನಲ್ಲಿ ಇನ್ನೂ ಬೇಗ. 28–32 ಮಿ.ಮೀ. ಟೈರನ್ನು ವಾರಕ್ಕೊಮ್ಮೆ, 40–50 ಮಿ.ಮೀ. ಟೈರನ್ನು ಎರಡು ವಾರಕ್ಕೊಮ್ಮೆಯಾದರೂ ನೋಡಿ. ಶಾಲೆಗೆ ಹೋಗುವ ಮಕ್ಕಳ ಸೈಕಲ್ಲನ್ನೂ ಅದೇ ದಿನ ಪರೀಕ್ಷಿಸಿ, ಅವರ ಕೈಯಲ್ಲೇ ಅಳತೆ ಮಾಡಿಸಿ.

ಹೊಸ ಟೈರು ಕೊಳ್ಳುವ ಸಮಯ ಇನ್ನೂ ಬಂದಿರದಿದ್ದರೆ ಗಾಳಿಯಿಂದಲೇ ಶುರುಮಾಡಿ. ಮುಂದಿನ ಭಾನುವಾರ ಒಟ್ಟು ತೂಕ ಕೂಡಿಸಿ, ಎರಡೂ ಟೈರಿಗೆ ಲೆಕ್ಕದಷ್ಟು ಗಾಳಿ ತುಂಬಿಸಿ, ಸೋಮವಾರ ಅದೇ ದಾರಿಯಲ್ಲಿ ಹೋಗಿ. ಸರಿಯಾದ ಗಾಳಿಗೆ ಪೈಸೆಯ ಖರ್ಚಿಲ್ಲ. ಇದ್ದ ಸೈಕಲ್ಲು, ಇದ್ದ ರಸ್ತೆಯಲ್ಲೇ ಓಡಾಟ ಸುಖವಾಗುತ್ತದೆ. ಸುಖವಾದರೆ ಮರುದಿನವೂ ಸೈಕಲ್ಲನ್ನೇ ಹೊರತೆಗೆಯುವ ಮನಸ್ಸಾಗುತ್ತದೆ.